ಯಾರ ಪೈಂಟು, ಯಾರ ಗ್ಯಾಲನ್ನು? ಬ್ರಿಟನ್–ಅಮೆರಿಕ ಅಳತೆಗಳ ಸಮಗ್ರ ಮಾರ್ಗದರ್ಶಿ

ನನ್ನ ಸೋದರತ್ತೆ ಎಪ್ಪತ್ತರ ದಶಕದಲ್ಲಿ ಒಂದಷ್ಟು ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದರು. ಅಲ್ಲಿಂದ ತಂದ ಸಾಮಾನಿನಲ್ಲಿ ಈಗ ಉಳಿದಿರುವುದು ಒಂದು ಅಡುಗೆ ನೋಟ್‌ಬುಕ್. ಅದರಲ್ಲಿನ ಕ್ಯಾರಮೆಲ್ ಕಸ್ಟರ್ಡ್ ಮಾಡೋಣ ಅಂತ ಒಂದು ಭಾನುವಾರ ಕೂತೆ. ‘ಹಾಲು 1 ಪೈಂಟ್, ಮೊಟ್ಟೆ 4, ಸಕ್ಕರೆ 2 ಔನ್ಸ್’ ಅಂತ ದುಂಡಗೆ ಬರೆದಿದ್ದರು. ಫೋನಿನಲ್ಲಿ ನೋಡಿದೆ: 1 ಪೈಂಟ್ ಅಂದರೆ 473 ಮಿಲಿಲೀಟರ್. ಅಷ್ಟೇ ಹಾಲು ಅಳೆದು ಹಾಕಿದೆ.

ಕಸ್ಟರ್ಡ್ ಗಟ್ಟಿಯಾಯಿತು. ಬಾಯಿಗಿಟ್ಟರೆ ಬರೀ ಮೊಟ್ಟೆ. ಅತ್ತೆಗೆ ಫೋನ್ ಮಾಡಿದೆ. ‘ಎಷ್ಟು ಹಾಲು ಹಾಕಿದೆ?’ ಅಂದರು. ಹೇಳಿದೆ. ‘ಅದು ಅಮೆರಿಕದ ಪೈಂಟು ಕಣೇ, ನಮ್ಮದು ದೊಡ್ಡದು!’ ಅಂತ ನಕ್ಕರು.

ಬ್ರಿಟನ್ನಿನ ಪೈಂಟ್ 568 ಮಿಲಿಲೀಟರ್. ನಾನು 95 ಮಿಲಿಲೀಟರ್ ಹಾಲು ಕಡಿಮೆ ಹಾಕಿದ್ದೆ. ಅಂದರೆ ಅರ್ಧ ಲೋಟ! ಆವತ್ತಿನಿಂದ ಈ ಅಳತೆಗಳ ಹಿಂದೆ ಬಿದ್ದು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಅಡುಗೆಯವರಿಗೆ, ಮಕ್ಕಳ ಮನೆಗೆ ವಿದೇಶಕ್ಕೆ ಹೋಗಿಬರುವವರಿಗೆ, ಕಾರಿನ ಮೈಲೇಜ್ ಬಗ್ಗೆ ಜಗಳ ಆಡುವವರಿಗೆ, ಎಲ್ಲರಿಗೂ ಬೇಕಾಗುತ್ತದೆ.

ಒಂದೇ ಹೆಸರು, ಎರಡು ಅಳತೆ ಯಾಕೆ?

ಇದನ್ನು ಬಿಟ್ಟು ನೇರವಾಗಿ ಲೆಕ್ಕಕ್ಕೆ ಹೋಗಬಹುದು. ಆದರೆ ಕಾರಣ ಗೊತ್ತಿದ್ದರೆ ಸಂಖ್ಯೆಗಳು ತಲೆಯಲ್ಲಿ ನಿಲ್ಲುತ್ತವೆ.

ನಮ್ಮಲ್ಲಿ ಸೇರು ಒಂದೊಂದು ಊರಲ್ಲಿ ಒಂದೊಂದು ಥರ ಇತ್ತಲ್ವಾ? ಇಂಗ್ಲೆಂಡಿನ ಗ್ಯಾಲನ್ ಕಥೆಯೂ ಅದೇ. ಅಲ್ಲಿ ಅಳೆಯುವ ಪದಾರ್ಥ ಬದಲಾದರೆ ಗ್ಯಾಲನ್ನೇ ಬದಲಾಗುತ್ತಿತ್ತು. ವೈನ್‌ಗೆ 231 ಘನ ಅಂಗುಲ. ಏಲ್ ಅನ್ನುವ ಬಿಯರ್‌ಗೆ 282. ಕಾಳಿಗೆ ಸುಮಾರು 268.8.

ಈ 231 ಎಲ್ಲಿಂದ ಬಂತು ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ. ರಾಣಿ ಆ್ಯನ್ ಕಾಲದಲ್ಲಿ, 1707ರ ಹೊತ್ತಿಗೆ, ಕಾನೂನಿನಲ್ಲೇ ಒಂದು ಪಾತ್ರೆಯ ಅಳತೆ ಬರೆದರು. 7 ಅಂಗುಲ ಅಗಲ, 6 ಅಂಗುಲ ಆಳದ ದುಂಡು ಪಾತ್ರೆ. ಸ್ಕೂಲಿನಲ್ಲಿ ಕಲಿತ 22/7 ನೆನಪಿದೆಯಾ? 22/7 × 3.5 × 3.5 × 6 ಮಾಡಿ ನೋಡಿ. ಸರಿಯಾಗಿ 231 ಬರುತ್ತದೆ.

ಅಮೆರಿಕದವರು ಸ್ವತಂತ್ರರಾದ ಮೇಲೂ ಈ ಹಳೇ ವೈನ್ ಗ್ಯಾಲನ್ನನ್ನೇ ಇಟ್ಟುಕೊಂಡರು. 1830ರ ದಶಕದಲ್ಲಿ ಅದನ್ನೇ ಅಧಿಕೃತ ಮಾಡಿಕೊಂಡರು. ಆದರೆ ಅಷ್ಟರಲ್ಲಿ ಇಂಗ್ಲೆಂಡಿನವರಿಗೇ ಈ ಗೊಂದಲ ಸಾಕಾಗಿತ್ತು. 1824ರಲ್ಲಿ ಹೊಸ ಕಾನೂನು ತಂದು ಹಳೆಯ ಗ್ಯಾಲನ್‌ಗಳನ್ನೆಲ್ಲ ಕೈಬಿಟ್ಟರು. 10 ಪೌಂಡ್ ತೂಕದ ನೀರು ಎಷ್ಟು ಜಾಗ ಹಿಡಿಯುತ್ತದೋ ಅದೇ ಇನ್ನು ಗ್ಯಾಲನ್ ಅಂದರು. 1826ರಿಂದ ಜಾರಿಗೆ ಬಂದ ಇದಕ್ಕೆ ಇಂಪೀರಿಯಲ್ ಗ್ಯಾಲನ್ ಅಂತ ಹೆಸರು. ಅಂದರೆ ಹಳೆಯದನ್ನು ಬಿಟ್ಟವರು ಬ್ರಿಟಿಷರು, ಅದನ್ನು ಕಾಪಾಡಿಕೊಂಡು ಬಂದವರು ಅಮೆರಿಕದವರು.

10 ಪೌಂಡ್ ಅಂದರೆ 160 ಔನ್ಸ್. ಗ್ಯಾಲನ್‌ಗೆ 8 ಪೈಂಟ್. ಹಾಗಾಗಿ ಬ್ರಿಟಿಷ್ ಪೈಂಟ್‌ಗೆ 20 ಔನ್ಸ್. ಅಮೆರಿಕದ ಪೈಂಟ್‌ಗೆ 16 ಔನ್ಸ್. ಮುಂದಿನ ಎಲ್ಲ ತಲೆನೋವಿಗೂ ಈ 20 ಮತ್ತು 16 ಮೂಲ.

ಹಂತ 1: ಮೊದಲು ದೇಶ ಯಾವುದು ಅಂತ ಪತ್ತೆ ಮಾಡಿ

ಲೆಕ್ಕ ತಪ್ಪುವುದು ಗುಣಾಕಾರದಲ್ಲಿ ಅಲ್ಲ, ಇಲ್ಲಿ. ನಾನು ಎಡವಿದ್ದೂ ಇಲ್ಲೇ. ಹುಡುಕಿದಾಗ ಫೋನು ಮೊದಲು ತೋರಿಸುವುದು ಬಹುಮಟ್ಟಿಗೆ ಅಮೆರಿಕದ ಉತ್ತರ. ಬ್ರಿಟಿಷ್ ಅಳತೆ ಬೇಕಿದ್ದರೆ ‘ಇಂಪೀರಿಯಲ್’ ಅನ್ನುವ ಪದ ಸೇರಿಸಿಯೇ ಹುಡುಕಬೇಕು.

ಪಾಕವಿಧಾನದ ಮೇಲೆ ದೇಶದ ಹೆಸರು ಇರುವುದಿಲ್ಲ. ಆದರೆ ಸುಳಿವು ಇರುತ್ತದೆ. ಹಿಟ್ಟು, ಸಕ್ಕರೆ, ತರಕಾರಿ ಎಲ್ಲವನ್ನೂ ಕಪ್‌ನಲ್ಲಿ ಅಳೆದಿದ್ದರೆ, ಓವನ್ ಬಿಸಿ ಫ್ಯಾರನ್‌ಹೀಟ್‌ನಲ್ಲಿದ್ದರೆ, ಬೆಣ್ಣೆಯನ್ನು ‘ಸ್ಟಿಕ್’ ಲೆಕ್ಕದಲ್ಲಿ ಹೇಳಿದ್ದರೆ, ಹಿಟ್ಟಿಗೆ ‘ಆಲ್ ಪರ್ಪಸ್’ ಅಂದಿದ್ದರೆ ಅದು ಅಮೆರಿಕದ್ದು. ಹಿಟ್ಟನ್ನು ತೂಕದಲ್ಲಿ ಹೇಳಿ, ಹಾಲು ಮತ್ತು ಕ್ರೀಮಿಗೆ ಮಾತ್ರ ಪೈಂಟ್ ಬಳಸಿದ್ದರೆ, ‘ಗ್ಯಾಸ್ ಮಾರ್ಕ್ 4’ ಅಂತಿದ್ದರೆ, ‘ಕ್ಯಾಸ್ಟರ್ ಶುಗರ್’, ‘ಪ್ಲೇನ್ ಫ್ಲೋರ್’ ಅಂತ ಕಂಡರೆ ಅದು ಬ್ರಿಟಿಷ್.

ಕೆನಡಾ, ಆಸ್ಟ್ರೇಲಿಯಾದ ಹಳೇ ಪುಸ್ತಕಗಳಲ್ಲಿ ಗ್ಯಾಲನ್, ಪೈಂಟ್ ಅಂದರೆ ಬ್ರಿಟಿಷ್ ಅಳತೆಯೇ. ನಮ್ಮ ದೇಶದ ಹಳೇ ದಾಖಲೆಗಳಲ್ಲೂ ಅಷ್ಟೇ. ಮೆಟ್ರಿಕ್ ಪದ್ಧತಿಗೆ ನಮ್ಮಲ್ಲಿ ಕಾನೂನು ಆದದ್ದು 1956ರಲ್ಲಿ. ಅದಕ್ಕೂ ಮುಂಚೆ ತಾತಂದಿರು ಕಾರಿಗೆ ಹಾಕಿಸುತ್ತಿದ್ದ ಗ್ಯಾಲನ್ ಪೆಟ್ರೋಲು ಇಂಪೀರಿಯಲ್ ಗ್ಯಾಲನ್ನೇ, ಅಮೆರಿಕದ್ದಲ್ಲ.

ಹಂತ 2: ಈ ಸಂಖ್ಯೆಗಳನ್ನು ಫ್ರಿಜ್ ಮೇಲೆ ಅಂಟಿಸಿ

ಎರಡೂ ದೇಶಗಳಲ್ಲಿ ಮೆಟ್ಟಿಲುಗಳು ಒಂದೇ. 4 ಜಿಲ್ ಸೇರಿದರೆ ಪೈಂಟ್, 2 ಪೈಂಟ್ ಸೇರಿದರೆ ಕ್ವಾರ್ಟ್, 4 ಕ್ವಾರ್ಟ್ ಸೇರಿದರೆ ಗ್ಯಾಲನ್. ಪಾವು, ಅಚ್ಚೇರು, ಸೇರು ಇದ್ದ ಹಾಗೆಯೇ. ಮೆಟ್ಟಿಲಿನ ಎತ್ತರ ಮಾತ್ರ ಬೇರೆ.

ಬ್ರಿಟನ್:
ಫ್ಲೂಯಿಡ್ ಔನ್ಸ್ (ದ್ರವ ಅಳೆಯುವ ಔನ್ಸ್) – 28.4 ಮಿ.ಲೀ.
ಜಿಲ್ – 142 ಮಿ.ಲೀ.
ಪೈಂಟ್ – 568 ಮಿ.ಲೀ.
ಕ್ವಾರ್ಟ್ – 1,137 ಮಿ.ಲೀ.
ಗ್ಯಾಲನ್ – 4,546 ಮಿ.ಲೀ.

ಅಮೆರಿಕ:
ಫ್ಲೂಯಿಡ್ ಔನ್ಸ್ – 29.6 ಮಿ.ಲೀ.
ಜಿಲ್ – 118 ಮಿ.ಲೀ.
ಕಪ್ – 237 ಮಿ.ಲೀ.
ಪೈಂಟ್ – 473 ಮಿ.ಲೀ.
ಕ್ವಾರ್ಟ್ – 946 ಮಿ.ಲೀ.
ಗ್ಯಾಲನ್ – 3,785 ಮಿ.ಲೀ.

ಪೂರ್ತಿ ನಿಖರವಾಗಿ ಬೇಕೆಂದರೆ ಬ್ರಿಟಿಷ್ ಗ್ಯಾಲನ್ 4.54609 ಲೀಟರ್, ಅಮೆರಿಕದ್ದು 3.785411784 ಲೀಟರ್. ಅಡುಗೆಮನೆಗೆ ಇಷ್ಟೆಲ್ಲ ಬೇಡ.

ಹಂತ 3: ಮಿಲಿಲೀಟರ್ ಮೂಲಕವೇ ಹೋಗಿ

ಬ್ರಿಟನ್ನಿನಿಂದ ನೇರ ಅಮೆರಿಕಕ್ಕೆ ಹಾರಬೇಡಿ. ಮೊದಲು ಮಿಲಿಲೀಟರ್‌ಗೆ ತನ್ನಿ, ಆಮೇಲೆ ಬೇಕಾದ ಅಳತೆಗೆ ಒಯ್ಯಿರಿ. ಒಂದು ಹೆಜ್ಜೆ ಜಾಸ್ತಿ, ನಿಜ. ಆದರೆ ನಡುವೆ ಬರುವ ಮಿಲಿಲೀಟರ್ ನಮಗೆ ಗುರುತಿರುವ ಅಳತೆ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಎಷ್ಟಿರುತ್ತದೆ ಅಂತ ಕಣ್ಣಿಗೆ ಗೊತ್ತು. ಲೆಕ್ಕ ತಪ್ಪಿದರೆ ಅಲ್ಲೇ ಕಣ್ಣಿಗೆ ಕಾಣುತ್ತದೆ.

ನ್ಯೂಜೆರ್ಸಿಯಲ್ಲಿರುವ ತಂಗಿಗೆ ಅತ್ತೆಯ ಕಸ್ಟರ್ಡ್ ಕಳಿಸಬೇಕು ಅಂತಿಟ್ಟುಕೊಳ್ಳಿ. 1 ಬ್ರಿಟಿಷ್ ಪೈಂಟ್ ಹಾಲು 568 ಮಿ.ಲೀ. ಅವಳ ಕಪ್ 237 ಮಿ.ಲೀ. 568 ÷ 237 = 2.4. ಅವಳು 2 ಕಪ್ ಹಾಕಿ, ಮೇಲೆ ಅರ್ಧ ಕಪ್‌ಗೆ ಚೂರು ಕಡಿಮೆ ಹಾಕಿದರೆ ಆಯಿತು. ಅವಳ ಪುಸ್ತಕದಲ್ಲಿ ‘2 ಕಪ್ ಅಂದರೆ 1 ಪೈಂಟ್’ ಅಂತಿರುತ್ತದೆ. ಅದನ್ನು ನಂಬಿದರೆ ಅವಳ ಕಸ್ಟರ್ಡೂ ನನ್ನದರ ಹಾಗೆಯೇ ಆಗುತ್ತದೆ.

ಈಗ ಉಲ್ಟಾ. ಅಮೆರಿಕದ ಸೂಪಿಗೆ 1 ಕ್ವಾರ್ಟ್ ತರಕಾರಿ ಬೇಯಿಸಿದ ನೀರು ಬೇಕು. 946 ಮಿ.ಲೀ. ಬ್ರಿಟಿಷ್ ಜಗ್ಗಿನಲ್ಲಿ ಪೈಂಟ್ ಗೆರೆ ಮಾತ್ರ ಇದೆ. 946 ÷ 568 = 1.67. ಅಂದರೆ ಒಂದೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಸೂಪಿಗೆ ಇಷ್ಟು ಸಾಕು.

ಹಂತ 4: ಬಾಯಿಲೆಕ್ಕಕ್ಕೆ 5 ಮತ್ತು 6

ಕೈಯಲ್ಲಿ ಫೋನ್ ಇಲ್ಲದಾಗ ಒಂದು ಸುಲಭ ದಾರಿ ಇದೆ. 5 ಬ್ರಿಟಿಷ್ ಗ್ಯಾಲನ್ ಹೆಚ್ಚೂಕಡಿಮೆ 6 ಅಮೆರಿಕನ್ ಗ್ಯಾಲನ್‌ಗೆ ಸಮ. ನಿಜವಾದ ಅನುಪಾತ 1.20095. ಅಂದರೆ 1.2 ಅಂತ ಹಿಡಿದರೆ ಸಾವಿರಕ್ಕೆ ಒಂದರಷ್ಟೂ ತಪ್ಪುವುದಿಲ್ಲ. ಗ್ಯಾಲನ್, ಕ್ವಾರ್ಟ್, ಪೈಂಟ್, ಜಿಲ್ ನಾಲ್ಕಕ್ಕೂ ಇದೇ ಲೆಕ್ಕ. ಬ್ರಿಟಿಷ್ ಸಂಖ್ಯೆಯನ್ನು ಅಮೆರಿಕನ್ ಮಾಡಲು ಐದನೇ ಒಂದು ಭಾಗ ಸೇರಿಸಿ. ಅಮೆರಿಕನ್ ಸಂಖ್ಯೆಯನ್ನು ಬ್ರಿಟಿಷ್ ಮಾಡಲು ಆರನೇ ಒಂದು ಭಾಗ ಕಳೆಯಿರಿ. ಐದು, ಆರು ಅದಲುಬದಲು ಮಾಡಬೇಡಿ. ಸೇರಿಸುವಾಗ ಐದು, ಕಳೆಯುವಾಗ ಆರು.

ಈ 5–6ರ ಸಂಬಂಧಕ್ಕೆ ಬಾಟಲಿಯಲ್ಲೊಂದು ಸಾಕ್ಷಿ ಇದೆ. ಅಮೆರಿಕದಲ್ಲಿ ಹಿಂದೆ ಮದ್ಯದ ಬಾಟಲಿ ಗ್ಯಾಲನ್ನಿನ ಐದನೇ ಒಂದು ಭಾಗ ಇರುತ್ತಿತ್ತು, 757 ಮಿ.ಲೀ. ಬ್ರಿಟನ್ನಿನದು ಗ್ಯಾಲನ್ನಿನ ಆರನೇ ಒಂದು ಭಾಗ. ಲೆಕ್ಕ ಹಾಕಿ ನೋಡಿ, 758 ಮಿ.ಲೀ. ಗ್ಯಾಲನ್ ಬೇರೆ ಬೇರೆ, ಬಾಟಲಿ ಮಾತ್ರ ಒಂದೇ! ನಮ್ಮ ‘ಫುಲ್’ ಬಾಟಲಿಯ 750 ಅದರ ಪಕ್ಕದಲ್ಲೇ ಇದೆ.

ಹಂತ 5: ಔನ್ಸ್ ಬಂದಾಗ ದಿಕ್ಕು ತಿರುಗುತ್ತದೆ

ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಗ್ಯಾಲನ್, ಕ್ವಾರ್ಟ್, ಪೈಂಟ್ ಎಲ್ಲದರಲ್ಲೂ ಬ್ರಿಟಿಷ್ ಅಳತೆ ದೊಡ್ಡದು. ಔನ್ಸ್‌ನಲ್ಲಿ ಮಾತ್ರ ಬ್ರಿಟಿಷ್‌ದು ಚಿಕ್ಕದು. ಗ್ಯಾಲನ್ ದೊಡ್ಡದಾದರೂ ಅದನ್ನು 160 ತುಂಡು ಮಾಡಿದ್ದಾರೆ. ಅಮೆರಿಕದವರು ಚಿಕ್ಕ ಗ್ಯಾಲನ್ನನ್ನು 128 ತುಂಡು ಮಾಡಿದ್ದಾರೆ. ಹಾಗಾಗಿ ತುಂಡು ಅಮೆರಿಕದ್ದೇ ದೊಡ್ಡದು.

ಬ್ರಿಟಿಷ್ ಔನ್ಸ್‌ನಿಂದ ಅಮೆರಿಕನ್‌ಗೆ 0.96ರಿಂದ ಗುಣಿಸಿ. ಅಮೆರಿಕನ್‌ನಿಂದ ಬ್ರಿಟಿಷ್‌ಗೆ 1.04ರಿಂದ. ನೂರಕ್ಕೆ ನಾಲ್ಕು ವ್ಯತ್ಯಾಸ ಅಷ್ಟೇ. 2 ಔನ್ಸ್ ನಿಂಬೆರಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 40 ಔನ್ಸ್ ಇದ್ದರೆ ಲೆಕ್ಕ ಹಾಕಿ.

ನೆನಪಿಗೆ ಒಂದು ಗುರುತು: ಅಮೆರಿಕದ ತಂಪು ಪಾನೀಯದ ಕ್ಯಾನ್ 12 ಔನ್ಸ್, ಅದರ ಮೇಲೆಯೇ 355 ಮಿ.ಲೀ. ಅಂತ ಬರೆದಿರುತ್ತದೆ. 355 ಭಾಗಿಸು 12 ಮಾಡಿದರೆ ಅಮೆರಿಕದ ಔನ್ಸ್ ಸಿಕ್ಕಿಬಿಡುತ್ತದೆ.

ಇನ್ನೊಂದು ಗುಂಡಿ ಇದೆ, ಹುಷಾರು. ಔನ್ಸ್ ಅನ್ನುವುದು ತೂಕವೂ ಹೌದು. ಅತ್ತೆಯ ‘ಸಕ್ಕರೆ 2 ಔನ್ಸ್’ ಅಂದರೆ 57 ಗ್ರಾಂ. ಅದನ್ನು ಅಳತೆ ಲೋಟದಲ್ಲಿ 57 ಮಿ.ಲೀ. ಗೆರೆಯವರೆಗೆ ತುಂಬಿದರೆ ತಪ್ಪು, ಸಕ್ಕರೆ ಕಡಿಮೆ ಬೀಳುತ್ತದೆ. ಪದಾರ್ಥ ಗಟ್ಟಿಯಾಗಿದ್ದು ಬರೀ ಔನ್ಸ್ ಅಂತಿದ್ದರೆ ತಕ್ಕಡಿ ತೆಗೆಯಿರಿ. ತೂಕದ ಔನ್ಸ್ ಎರಡೂ ದೇಶದಲ್ಲಿ ಒಂದೇ, 28.35 ಗ್ರಾಂ. ಪುಣ್ಯಕ್ಕೆ ಅಲ್ಲಿ ಜಗಳವಿಲ್ಲ.

ಕಪ್, ಚಮಚ ಮತ್ತು ಬಾಣಂತನ

ಕಪ್ ಅನ್ನುವುದು ಮೂಲದಲ್ಲಿ ಅಮೆರಿಕದ ಅಳತೆ. ಅಡುಗೆಯಲ್ಲಿ 237 ಮಿ.ಲೀ. ಅಲ್ಲಿನ ಪ್ಯಾಕೆಟ್‌ಗಳ ಮೇಲಿನ ಪೌಷ್ಟಿಕಾಂಶದ ಪಟ್ಟಿಯಲ್ಲಿ 240. ನಮ್ಮಲ್ಲಿ ಸಿಗುವ ಅಳತೆ ಕಪ್‌ಗಳಲ್ಲಿ 240 ಅಥವಾ 250 ಇರುತ್ತದೆ, ತಳದಲ್ಲಿ ಕೆತ್ತಿರುತ್ತಾರೆ. ಕೇಕ್ ಮಾಡುವಾಗ ಎಲ್ಲವನ್ನೂ ಒಂದೇ ಕಪ್‌ನಲ್ಲಿ ಅಳೆದರೆ ಪ್ರಮಾಣ ಕೆಡುವುದಿಲ್ಲ, ಮೊಟ್ಟೆಯ ಲೆಕ್ಕ ಮಾತ್ರ ಸ್ವಲ್ಪ ಆಚೀಚೆ ಆಗುತ್ತದೆ. ಆದರೆ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜತೆ ಬರುವ ಪ್ಲಾಸ್ಟಿಕ್ ಕಪ್ ಇದೆಯಲ್ಲ, ಅದು ಸಾಮಾನ್ಯವಾಗಿ 180 ಮಿ.ಲೀ.ನ ಜಪಾನಿ ಅಳತೆ. ಅದನ್ನು ತಂದು ಅಮೆರಿಕದ ಕೇಕ್‌ಗೆ ಬಳಸಬೇಡಿ.

ಟೀಚಮಚ ಎಲ್ಲ ಕಡೆಯೂ 5 ಮಿ.ಲೀ. ಅಂತ ಹಿಡಿಯಬಹುದು. ಟೇಬಲ್ ಚಮಚ 15. ಆಸ್ಟ್ರೇಲಿಯಾದಲ್ಲಿ ಮಾತ್ರ 20. ಉಪ್ಪು, ಸೋಡಾ ಹಾಕುವಾಗ ಇದು ಗೊತ್ತಿರಲಿ.

ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗುವ ಅಮ್ಮಂದಿರಿಗೆ ಮೊದಲ ವಾರವೇ ಈ ಔನ್ಸ್ ಎದುರಾಗುತ್ತದೆ. ಮಗು ಎಷ್ಟು ಹಾಲು ಕುಡಿಯಿತು ಅಂದರೆ ‘ಮೂರು ಔನ್ಸ್’ ಅನ್ನುತ್ತಾರೆ. ಅಲ್ಲಿನ 3 ಔನ್ಸ್ ಅಂದರೆ 89 ಮಿ.ಲೀ., 4 ಔನ್ಸ್ ಅಂದರೆ 118. ಲಂಡನ್ನಿನ ಸೊಸೆಯ ಮನೆಯಲ್ಲಿ ಅದೇ 4 ಔನ್ಸ್ 114. ಪುಡಿ ಹಾಲು ಕಲಸುವಾಗ ಔನ್ಸ್ ಗೆರೆ ಬಿಟ್ಟು, ಬಾಟಲಿಯ ಇನ್ನೊಂದು ಬದಿಯ ಮಿಲಿಲೀಟರ್ ಗೆರೆ ನೋಡಿ. ಡಬ್ಬದ ಮೇಲೆ ಬರೆದ ಪ್ರಮಾಣವನ್ನೇ ಪಾಲಿಸಿ. ಔಷಧಿಯನ್ನಂತೂ ಅದರ ಜತೆ ಕೊಟ್ಟ ಮುಚ್ಚಳ ಇಲ್ಲವೇ ಸಿರಿಂಜ್‌ನಲ್ಲೇ ಅಳೆಯಿರಿ, ಅಡುಗೆ ಚಮಚದಲ್ಲಿ ಬೇಡ.

ಹಂತ 6: ಕಾರಿನ ಮೈಲೇಜ್

ಲಂಡನ್ನಿನ ಭಾವ ತನ್ನ ಕಾರು ಗ್ಯಾಲನ್‌ಗೆ 50 ಮೈಲಿ ಕೊಡುತ್ತದೆ ಅನ್ನುತ್ತಾನೆ. ನ್ಯೂಜೆರ್ಸಿಯ ತಂಗಿ ತನ್ನದು 40 ಅನ್ನುತ್ತಾಳೆ. ಕೇಳಿದವರಿಗೆ ಭಾವನ ಕಾರೇ ಗೆದ್ದಂತೆ ಕಾಣುತ್ತದೆ. ಮೈಲಿ ಇಬ್ಬರಿಗೂ ಒಂದೇ. ಗ್ಯಾಲನ್ ಬೇರೆ.

ಬ್ರಿಟಿಷ್ ಮೈಲೇಜನ್ನು 0.354ರಿಂದ ಗುಣಿಸಿದರೆ ನಮಗೆ ಗೊತ್ತಿರುವ ಕಿ.ಮೀ. ಪ್ರತಿ ಲೀಟರ್ ಸಿಗುತ್ತದೆ. ಅಮೆರಿಕದ್ದನ್ನು 0.425ರಿಂದ ಗುಣಿಸಿ. ಭಾವನದು 17.7, ತಂಗಿಯದು 17. ಹತ್ತು ಮೈಲಿ ಅಂತರ ಅಂದುಕೊಂಡದ್ದು ಮುಕ್ಕಾಲು ಕಿಲೋಮೀಟರ್‌ಗೆ ಇಳಿಯಿತು! ತಮಾಷೆ ಅಂದರೆ ಬ್ರಿಟನ್ನಿನಲ್ಲಿ ಬಂಕ್‌ನಲ್ಲಿ ಪೆಟ್ರೋಲ್ ಮಾರುವುದು ಲೀಟರ್ ಲೆಕ್ಕದಲ್ಲಿ, ಮೈಲೇಜ್ ಮಾತಾಡುವುದು ಮಾತ್ರ ಗ್ಯಾಲನ್ ಲೆಕ್ಕದಲ್ಲಿ.

ಬ್ಯಾರಲ್, ಬುಷೆಲ್

ಸುದ್ದಿಯಲ್ಲಿ ಬರುವ ಕಚ್ಚಾ ತೈಲದ ಬ್ಯಾರಲ್ ಅಮೆರಿಕದ 42 ಗ್ಯಾಲನ್, 159 ಲೀಟರ್. ಇದು ಜಗತ್ತಿಗೆಲ್ಲ ಒಂದೇ. ಬಿಯರ್ ಬ್ಯಾರಲ್ ಹಾಗಲ್ಲ. ಬ್ರಿಟನ್ನಿನದು ಅಲ್ಲಿನ 36 ಗ್ಯಾಲನ್, ಸುಮಾರು 164 ಲೀಟರ್. ಅಮೆರಿಕದ್ದು ಅಲ್ಲಿನ 31 ಗ್ಯಾಲನ್, 117 ಲೀಟರ್.

ಅಮೆರಿಕದಲ್ಲಿ ಒಣ ಪದಾರ್ಥಕ್ಕೆ ಬೇರೆ ಪೈಂಟ್ ಇದೆ, 551 ಮಿ.ಲೀ. ಅಲ್ಲಿ ಸ್ಟ್ರಾಬೆರಿ ಬುಟ್ಟಿಯ ಮೇಲೆ ಪೈಂಟ್ ಅಂತ ಕಂಡರೆ ಅದು ಈ ಒಣ ಪೈಂಟೇ. ಬ್ರಿಟನ್ನಿನಲ್ಲಿ ಒಣಗಿದ್ದಕ್ಕೂ ನೀರಿಗೂ ಒಂದೇ. ಇನ್ನು ಶಿಕಾಗೊ ಮಾರುಕಟ್ಟೆಯ ಮೆಕ್ಕೆಜೋಳದ ದರದಲ್ಲಿ ಬುಷೆಲ್ ಅನ್ನುವ ಕಾಳಿನ ಹಳೇ ಅಳತೆ ಕಂಡರೆ ಲೀಟರ್ ಮಾಡಲು ಹೋಗಬೇಡಿ. ಈಗ ಅದು ತೂಕದ ಲೆಕ್ಕ: ಮೆಕ್ಕೆಜೋಳಕ್ಕೆ 25.4 ಕೆ.ಜಿ., ಸೋಯಾಬೀನ್‌ಗೆ 27.2 ಕೆ.ಜಿ.

ಹಂತ 7: ನೀರಿನ ಲೆಕ್ಕ

ಇದು ನಮ್ಮ ಮನೆಬಾಗಿಲಿನ ವಿಷಯ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಅಡಿ ಎರಡೂ ದೇಶದಲ್ಲಿ ಒಂದೇ ಆದ್ದರಿಂದ ಟಿಎಂಸಿ, ಕ್ಯೂಸೆಕ್‌ಗಳಲ್ಲಿ ಗೊಂದಲ ಇಲ್ಲ. 1 ಘನ ಅಡಿ 28.3 ಲೀಟರ್. 1 ಟಿಎಂಸಿ ಸುಮಾರು 2,832 ಕೋಟಿ ಲೀಟರ್. ಕೆಆರ್‌ಎಸ್ ತುಂಬಿದಾಗಿನ 49.45 ಟಿಎಂಸಿಯನ್ನು ಲೀಟರ್ ಮಾಡಿದರೆ 1.4 ಲಕ್ಷ ಕೋಟಿ ಬರುತ್ತದೆ.

ಎಂಜಿಡಿ ಬಂದಾಗ ಎಚ್ಚರ ಬೇಕು. ದಿನಕ್ಕೆ ಹತ್ತು ಲಕ್ಷ ಗ್ಯಾಲನ್ ಅಂತ ಅದರ ಅರ್ಥ. ಯಾವ ಗ್ಯಾಲನ್? ದೆಹಲಿಯ ನೀರು ಪೂರೈಕೆ ಇವತ್ತಿಗೂ ಎಂಜಿಡಿ ಲೆಕ್ಕದಲ್ಲಿದೆ, ಅದು ಇಂಪೀರಿಯಲ್ ಗ್ಯಾಲನ್. 1 ಎಂಜಿಡಿ ಅಂದರೆ 45.46 ಲಕ್ಷ ಲೀಟರ್. ಅಮೆರಿಕದ ವರದಿಯಲ್ಲಿ ಅದೇ ಎಂಜಿಡಿ 37.85 ಲಕ್ಷ ಲೀಟರ್. ಬೆಂಗಳೂರಿನವರು ಎಂಎಲ್‌ಡಿ, ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್ ಲೆಕ್ಕ ಬಳಸುತ್ತಾರೆ. ಒಳ್ಳೆಯದೇ ಆಯಿತು. 2024ರಲ್ಲಿ ಉದ್ಘಾಟನೆಯಾದ ಕಾವೇರಿ 5ನೇ ಹಂತದ 775 ಎಂಎಲ್‌ಡಿಯನ್ನು ದೆಹಲಿಯವರಿಗೆ ಹೇಳುವುದಾದರೆ 170 ಎಂಜಿಡಿ. ಅಮೆರಿಕದವರಿಗೆ 205. ನೀರು ಮಾತ್ರ ಅಷ್ಟೇ.

ಹಂತ 8: ತಕ್ಕಡಿಯಲ್ಲಿ ಪರೀಕ್ಷೆ

ಮನೆಯಲ್ಲಿರುವ ಹಳೇ ಜಗ್ಗೋ ಬಾಟಲಿಯೋ ಯಾವ ದೇಶದ್ದು ಅಂತ ತಿಳಿಯಬೇಕಾ? ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಖಾಲಿ ಜಗ್ ಇಟ್ಟು ಸೊನ್ನೆ ಮಾಡಿ. ಪೈಂಟ್ ಗೆರೆಯವರೆಗೆ ನೀರು ತುಂಬಿ. ಗೆರೆ ನೋಡುವಾಗ ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತನ್ನಿ. ನೀರು ಒಂದು ಮಿಲಿಲೀಟರ್‌ಗೆ ಒಂದು ಗ್ರಾಂ ತೂಗುತ್ತದೆ. 565–570 ಗ್ರಾಂ ಆಸುಪಾಸು ಬಂದರೆ ಬ್ರಿಟಿಷ್, 470–475 ಬಂದರೆ ಅಮೆರಿಕನ್. ಹಾಲಿನಲ್ಲಿ ಈ ಪರೀಕ್ಷೆ ಬೇಡ, ಹಾಲು ನೀರಿಗಿಂತ ಭಾರ. ಅದೇ ಬ್ರಿಟಿಷ್ ಪೈಂಟ್ ಹಾಲು 585 ಗ್ರಾಂ ತೂಗುತ್ತದೆ.

ಅತ್ತೆಯ ಮನೆಯ ಅಟ್ಟದಲ್ಲಿ ಸಿಕ್ಕ ಗಾಜಿನ ಜಗ್ಗನ್ನು ಹೀಗೆಯೇ ತೂಗಿದೆ. 566 ಗ್ರಾಂ ಬಂತು. ಅದರಲ್ಲೇ ಹಾಲು ಅಳೆದು ಮತ್ತೆ ಕಸ್ಟರ್ಡ್ ಮಾಡಿದೆ. ಈ ಸಲ ಚಮಚ ತಾಗಿಸಿದರೆ ಅಲುಗಾಡಿತು. ನೋಟ್‌ಬುಕ್ಕಿನ ಆ ಪುಟದಲ್ಲಿ ‘ಪೈಂಟ್’ ಪಕ್ಕ ಪೆನ್ಸಿಲ್‌ನಲ್ಲಿ 568 ಅಂತ ಬರೆದಿಟ್ಟಿದ್ದೇನೆ. ಮುಂದಿನ ಪುಟದಲ್ಲಿ ರೈಸ್ ಪುಡಿಂಗ್ ಇದೆ. ‘ಅಕ್ಕಿ ಒಂದು ಟೀಕಪ್’ ಅಂತಿದೆ. ಅದಕ್ಕೆ ಯಾವ ಪಟ್ಟಿಯಲ್ಲೂ ಉತ್ತರ ಇಲ್ಲ, ಅತ್ತೆಗೇ ಫೋನ್ ಮಾಡಬೇಕು.